ಸಾಬಮ್ಮನ ಹೆಸರಿನಲ್ಲಿ ಕೂತವಳು

ಬೇಯಿಸಿದ ತತ್ತಿಗಳು ಇನ್ನೂ ಸುಡುತ್ತಿದ್ದವು. ಯಂಕಮ್ಮ ಒಂದೊಂದನ್ನೇ ಬಕೆಟ್ಟಿನ ತಣ್ಣೀರಿಗೆ ಅದ್ದಿ, ನೆಲದ ಫರಸಿ ಕಲ್ಲಿಗೆ ಕುಟ್ಟಿ, ಸಿಪ್ಪೆ ಬಿಡಿಸಿ ಬೋಗಾಣಿಗೆ ಹಾಕುತ್ತಿದ್ದಳು. ಸಿಪ್ಪೆಯ ಚೂರು ಉಗುರಿನ ಸಂದಿಗೆ ಹೊಕ್ಕು ಚುಚ್ಚುತ್ತಿತ್ತು. ನಿಲ್ಲಿಸುವಂತಿರಲಿಲ್ಲ. ಗಂಟೆ ಹೊಡೆದ ಕೂಡಲೇ ಮಕ್ಕಳು ತಾಟು ಹಿಡಿದು ಬಾಗಿಲಿಗೆ ಬರುತ್ತಾರೆ.

“ಲಗೂ ಬಿಡಿಸಬೇ,” ಎಂದಳು ಒಲೆಯ ಮುಂದೆ ನಿಂತ ಗುಂಡಮ್ಮ. ಬಿಸಿಯೂಟದ ಹಿರಿಯ ಅಡುಗೆಯವಳು ಅವಳು. ತತ್ತಿ ಮುಟ್ಟುತ್ತಿರಲಿಲ್ಲ. ಅದರ ಕೆಲಸವೆಲ್ಲ ಯಂಕಮ್ಮನದೇ. “ನಿನ್ನ ಕೈಗಿ ಸುಡೋದು ಗೊತ್ತಾಗಲ್ಲ ಬಿಡು. ಕಲ್ಲು ಹೊತ್ತ ಕೈ ಅದು.”

“ಕಲ್ಲು ಹೊತ್ರ ಚರ್ಮ ಹೋಗ್ತದೇನ್ ಯಕ್ಕಾ? ಸುಡ್ತದ. ನಾ ಒದರಲ್ಲ, ಅಷ್ಟೇ.”

ಗುಂಡಮ್ಮ ನಕ್ಕಳು. ಅಷ್ಟರಲ್ಲಿ ಬಾಗಿಲಲ್ಲಿ ಉಮಾದೇವಿ ಟೀಚರ್ ನಿಂತಿದ್ದರು. ಸೆರಗು ಮೂಗಿಗೆ ಹಿಡಿದಿದ್ದರು. ತತ್ತಿ ಬೇಯಿಸಿದ ದಿನ ಅವರು ಅಡುಗೆ ಕೋಣೆಯ ಕಡೆ ಬರುವುದೇ ಇಲ್ಲ. ಇವತ್ತು ಬಂದಿದ್ದರು.

“ಯಂಕಮ್ಮ, ಜರಾ ಹೊರಗ ಬಾ.”

ಯಂಕಮ್ಮ ಕೈ ಕೊಡವಿಕೊಂಡು ಓಡಿದಳು. ಟೀಚರ್ ಕರೆದರೆ ಅವಳು ಹಾಗೇ ಓಡುತ್ತಿದ್ದಳು.

ಅದಕ್ಕೆ ಕಾರಣವಿತ್ತು. ಈ ಕೆಲಸ ಸಿಕ್ಕ ಹೊಸದರಲ್ಲಿ ಊರಿನವರು ಮಕ್ಕಳಿಗೆ ಮನೆಯಿಂದಲೇ ಡಬ್ಬಿ ಕಟ್ಟಿ ಕಳಿಸತೊಡಗಿದ್ದರು. ವಡ್ಡರಾಕಿ ಬೇಯಿಸಿದ ಅನ್ನ ನಮ್ಮ ಹುಡುಗರು ಉಣಬೇಕೇನು ಎಂದು ಶಾಲೆಯ ಕಟ್ಟೆಯ ಮೇಲೆ ಕೂತೇ ಕೇಳಿದ್ದರು. ಡಬರಿಯ ಅನ್ನ ಸಂಜೆಗೆ ದನದ ಪಾಲಾಗುತ್ತಿತ್ತು. ಯಂಕಮ್ಮ ತಾನೇ ಬೇಯಿಸಿದ್ದನ್ನು ತಾನೇ ಬುಟ್ಟಿಯಲ್ಲಿ ಹೊತ್ತು ದನದ ಮುಂದೆ ಸುರಿದು ಬರುತ್ತಿದ್ದಳು. ಒಂದು ಮಧ್ಯಾಹ್ನ ಉಮಾದೇವಿ ಟೀಚರ್ ತಾಟು ತೆಗೆದುಕೊಂಡು ಬಂದು, ಮಕ್ಕಳ ಸಾಲಿನಲ್ಲಿ ನೆಲಕ್ಕೆ ಕೂತು, “ನನಗ ಹಾಕು” ಎಂದರು. ಎಲ್ಲರೂ ನೋಡುತ್ತಿದ್ದಂತೆ ಕಲಸಿ ಉಂಡರು. ಊರಿನ ದೊಡ್ಡ ಮನೆತನದ ಸೊಸೆ ಉಂಡ ಮೇಲೆ ಉಳಿದವರ ಬಾಯಿ ಕಟ್ಟಿತು. ಆ ದಿನದಿಂದ ಯಂಕಮ್ಮನಿಗೆ ಟೀಚರ್ ಮಾತು ಎಂದರೆ ಮಾತು.

“ನಾಳಿ ಮ್ಯಾಲಿನವರು ಬರ್ಲಿಕತ್ತಾರ,” ಎಂದರು ಟೀಚರ್. “ಮಕ್ಕಳು ಹ್ಯಾಂಗ ಓದ್ತಾವ ಅಂತ ಕೂಡಿಸಿ ನೋಡ್ತಾರ. ಜಿಲ್ಲಾದಾಗ ನಮ್ಮ ತಾಲೂಕು ಹಿಂದ, ತಾಲೂಕಿನಾಗ ನಮ್ಮ ಸಾಲಿ ಹಿಂದ ಅಂತ ಮೀಟಿಂಗಿಗಿ ಹೋದಾಗೆಲ್ಲ ಬೈಸ್ಕೊಂಡು ಬರಾಕತ್ತೀವಿ. ಎಲ್ಲಾ ಮಕ್ಕಳನ್ನ ಒಂದೇ ದಿನ ನೋಡಲಿಕ್ಕ ಆಗಲ್ಲಂತ. ಎರಡು ಪಾಳಿ ಮಾಡ್ಯಾರ. ನಿಮ್ಮ ಓಣಿ ಮಕ್ಕಳದು ಶನಿವಾರ. ನಾಳಿ ಕಳಿಸಬ್ಯಾಡ್ರಿ ಅಂತ ಹೇಳಿ ಬಾ.”

“ನಮ್ಮ ಸಾಬಮ್ಮಂದೂ ಶನಿವಾರೇನ್ರಿ ಟೀಚರ್?”

“ಆಕಿದೂ ಶನಿವಾರ. ಓದಿಸು. ಛಲೋ ಓದ್ತಾಳ ಆಕಿ.”

ಆ ಕೊನೆಯ ಮಾತಿಗೆ ಯಂಕಮ್ಮನ ಮುಖ ಅರಳಿತು. ಉಳಿದ ತತ್ತಿ ಬಿಡಿಸುವಾಗ ಬೆರಳು ಚುಚ್ಚಿದ್ದು ಗೊತ್ತಾಗಲಿಲ್ಲ.

ಶಾಲೆಯ ಮೇಷ್ಟ್ರುಗಳು ಯಾರೂ ವಡ್ಡರ ಓಣಿಯೊಳಗೆ ಕಾಲಿಡುತ್ತಿರಲಿಲ್ಲ. ಹಂದಿಗಳಿವೆ, ಕೆಸರಿದೆ, ಕಲ್ಲಿನ ಖಣಿಯ ಧೂಳು ಎನ್ನುತ್ತಿದ್ದರು. ಚುಚ್ಚುಮದ್ದು ಇರಲಿ, ರಜೆ-ಸೂಟಿ ಇರಲಿ, ಶೂ ಬಂದಿರಲಿ, ಓಣಿಗೆ ಶಾಲೆಯ ಸುದ್ದಿ ಹೋಗುವುದು ಯಂಕಮ್ಮನ ಬಾಯಿಂದಲೇ. ಸಂಜೆ ಅವಳು ಮನೆ ಮನೆಗೆ ಹೋದಳು. ಫರಸಿ ಹೊತ್ತು ಬಂದು ಸೊಂಟ ಹಿಡಿದು ಕೂತ ಹೆಂಗಸರ ಮುಂದೆ ನಿಂತು ಹೇಳಿದಳು. ಯಾರೂ ಮರುಪ್ರಶ್ನೆ ಹಾಕಲಿಲ್ಲ.

ಓಣಿಯ ತುದಿಮನೆಯ ಶಹರಬಾನು ಮಾತ್ರ ನಕ್ಕಳು. ಅವಳ ಗಂಡ ಖಾಜಾಮಿಯಾ ಖಣಿಯಲ್ಲಿ ಲಾರಿ ತುಂಬುವವನು.

“ಪಾಳಿ ಮ್ಯಾಲ ಪರೀಕ್ಷಾ? ಖಣಿಯಾಗ ಇದ್ದಂಗೇ ಆಯ್ತಲ್ಲ ಯಂಕಮ್ಮಕ್ಕಾ. ನಮ್ಮ ಮಕ್ಕಳಿಗಿ ಅಲ್ಲೂ ಎರಡನೇ ಪಾಳಿನೇ?”

“ಟೀಚರೇ ಹೇಳ್ಯಾರ.”

“ಟೀಚರ್ ಹೇಳಿದ್ದು ನನಗ ಬ್ಯಾಡ. ನೀ ಹೇಳಿದಿ ಇಲ್ಲ, ಸಾಕು.”

ಮನೆಯಲ್ಲಿ ಮಗಳು ಸಾಬಮ್ಮ ಹೊಸ್ತಿಲ ಮೇಲೆ ಕೂತು ಪಾಠ ಓದುತ್ತಿದ್ದಳು. ಐದನೇ ಕ್ಲಾಸು. ಓಣಿಯ ಮನೆಗಳಲ್ಲಿ ಆಡುವುದು ತೆಲುಗು ಬೆರೆತ ವಡ್ಡರ ಮಾತು. ಕನ್ನಡ ಆ ಹುಡುಗಿಗೆ ಸಿಕ್ಕಿದ್ದು ಪುಸ್ತಕದಿಂದ. ಅದಕ್ಕೇ ಅವಳು ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದು ಪದವನ್ನೂ ಹೊರೆ ಇಳಿಸಿದ ಹಾಗೆ ಇಳಿಸಿ, ನಿಂತು, ಮುಂದಿನದಕ್ಕೆ ಹೋಗುತ್ತಿದ್ದಳು. ನಿಧಾನ. ಆದರೆ ತಪ್ಪುತ್ತಿರಲಿಲ್ಲ.

“ನಾಳಿ ಸಾಲಿ ಇಲ್ಲಂದ್ರ ನನ್ನ ಕೂಡ ಬರ್ಲಿ,” ಎಂದ ಗಂಡ ದುರ್ಗಪ್ಪ. “ಮನ್ಯಾಗ ಕುಂತು ಏನ್ ಮಾಡ್ತಾಳ? ಫರಸಿ ಒಟ್ಟಲಿಕ್ಕ ಕೈ ಹಚ್ತಾಳ.”

ಯಂಕಮ್ಮ ಬೇಡ ಎನ್ನಲಿಲ್ಲ.

ಮರುದಿನ ಅವಳು ಸಾಂಬಾರಿಗೆ ತೊಗರಿಬೇಳೆ ಇಟ್ಟು ಕುಂಬಳಕಾಯಿ ಹೆಚ್ಚುತ್ತಿದ್ದಾಗ ವಾಡಿ ಪಟ್ಟಣದ ಕಡೆಯಿಂದ ಒಂದು ಆಟೋ ಬಂತು. ಅದರಿಂದ ಮಕ್ಕಳು ಇಳಿದರು. ತಲೆಗೆ ನೀಟಾಗಿ ಬೈತಲೆ, ಕಾಲಿಗೆ ಬಿಳಿ ಕಾಲುಚೀಲ. ಮೈಮೇಲೆ ಇದೇ ಶಾಲೆಯ ಯೂನಿಫಾರ್ಮು. ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಅವರಲ್ಲಿ ಒಬ್ಬಳನ್ನು ಯಂಕಮ್ಮ ಗುರುತು ಹಿಡಿದಳು. ಸೃಷ್ಟಿ. ಉಮಾದೇವಿ ಟೀಚರ್ ಮಗಳು. ವಾಡಿಯ ಇಂಗ್ಲಿಷ್ ಶಾಲೆಯಲ್ಲಿ ಓದುವವಳು.

“ಇವರ್ಯಾಕ ಬಂದಾರ್ ಯಕ್ಕಾ?”

ಗುಂಡಮ್ಮ ಸೌಟಿನಿಂದ ತಲೆ ಎತ್ತಲಿಲ್ಲ. “ಹಾಡು ಹೇಳಲಿಕ್ಕ ಬಂದಿರಬೇಕು. ನಿನಗ್ಯಾಕ? ಕುಂಬಳಕಾಯಿ ಹೆಚ್ಚು.”

ಅಡುಗೆ ಕೋಣೆಗೂ ಐದನೇ ಕ್ಲಾಸಿಗೂ ನಡುವೆ ಒಂದೇ ಗೋಡೆ. ಕಿಟಕಿ ತೆರೆದಿತ್ತು. ಸಾಹೇಬರ ಜೀಪು ಬಂದದ್ದು, ಹೆಡ್ ಮೇಷ್ಟ್ರು ಗುರುಲಿಂಗಯ್ಯನವರು “ಬರ್ರಿ ಸರ್, ಕುಂದ್ರಿ ಸರ್” ಎಂದದ್ದು, ಕುರ್ಚಿ ಎಳೆದದ್ದು ಎಲ್ಲ ಕೇಳಿಸಿತು. ಹೆಸರು ಕೂಗತೊಡಗಿದರು.

“ಸಾಬಮ್ಮ, ತಂದೆ ದುರ್ಗಪ್ಪ.”

ಯಂಕಮ್ಮ ಕೈಯಲ್ಲಿದ್ದ ಹೋಳನ್ನು ಈಳಿಗೆಮಣೆಯ ಪಕ್ಕ ಇಟ್ಟಳು. ಖಣಿ ಬಿಟ್ಟು ಓಡಿ ಬಂದಳೇನು ಈ ಹುಚ್ಚಿ? ಶನಿವಾರ ಅಂತ ಹೇಳಿದ್ದೆನಲ್ಲ. ತಲೆಯಾದರೂ ಬಾಚಿಕೊಂಡಳೋ ಇಲ್ಲವೋ. ಎದ್ದು ಕಿಟಕಿಗೆ ಹೋದಳು.

“ಯಸ್ ಸರ್,” ಎಂದು ಎದ್ದು ನಿಂತದ್ದು ಸೃಷ್ಟಿ.

ಯಂಕಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಇನ್ನೊಬ್ಬಳು ಸಾಬಮ್ಮ ಇರಬೇಕು ಎಂದುಕೊಂಡಳು. ಇನ್ನೊಬ್ಬ ದುರ್ಗಪ್ಪನೂ ಇರಬೇಕು. ಆಮೇಲೆ ಆ ಸಾಲಿನಲ್ಲಿ ಕೂತ ಬಿಳಿ ಕಾಲುಚೀಲಗಳನ್ನು ನೋಡಿದಳು. ಶಹರಬಾನುವಿನ ಮಗನ ಹೆಸರಿಗೆ ಒಬ್ಬ ಎದ್ದ. ಅವಳು ಹೋಗಿ ಹೇಳಿ ಬಂದ ಒಂದೊಂದು ಮನೆಯ ಹೆಸರಿಗೂ ಒಂದೊಂದು ಮಗು ಎದ್ದಿತು.

ಸೃಷ್ಟಿ ಪಾಠ ಓದಿದಳು. ನೀರು ಹರಿದ ಹಾಗೆ ಓದಿದಳು. ಮಗು ಅದು, ಅದರ ತಪ್ಪೇನೂ ಇರಲಿಲ್ಲ.

“ಎಷ್ಟು ಚೆನ್ನಾಗಿ ಓದ್ತೀಯಮ್ಮ! ನಿಮ್ಮಪ್ಪ ಏನು ಮಾಡ್ತಾರೆ?” ಸಾಹೇಬರು ಬೆಂಗಳೂರ ಕಡೆಯವರು.

“ಖಣಿಯಾಗ ಕಲ್ಲು ಒಡೀತಾರ್ರಿ ಸರ್.” ಕಲಿಸಿದ ಮಾತು.

“ಅಮ್ಮ?”

ಅದನ್ನು ಕಲಿಸಿರಲಿಲ್ಲ. ಹುಡುಗಿ ಉಮಾದೇವಿ ಟೀಚರ್ ಮುಖ ನೋಡಿದಳು. ಟೀಚರ್ ನೆಲ ನೋಡಿದರು. ಹೆಡ್ ಮೇಷ್ಟ್ರು ಗಾಬರಿಯಲ್ಲಿ ಬಾಯಿ ಬಿಟ್ಟರು: “ಇಲ್ಲೇ ಬಿಸಿಯೂಟ ಮಾಡ್ತಾಳ್ರಿ ಸರ್ ಈಕಿ ತಾಯಿ.”

“ಓಹೋ! ಕರೀರಿ, ಕರೀರಿ.”

ಯಂಕಮ್ಮ ಹೋದಳು. ಹೋಗದೆ ಏನು ಮಾಡುತ್ತಿದ್ದಳು? ಸೆರಗಿಗೆ ಕೈ ಒರೆಸುತ್ತ ಬಾಗಿಲಲ್ಲಿ ನಿಂತಳು. ಕೈಗೆ ಅರಿಶಿಣ ಹತ್ತಿತ್ತು. ಸಾಹೇಬರು ಎದ್ದು ನಿಂತು ಕೈ ಮುಗಿದರು. ಇಷ್ಟು ವರ್ಷದಲ್ಲಿ ಅವಳಿಗೆ ಯಾವ ಸಾಹೇಬರೂ ಕೈ ಮುಗಿದಿರಲಿಲ್ಲ.

“ಕಲ್ಲು ಒಡೆದು, ಅಡುಗೆ ಮಾಡಿ ಮಗಳನ್ನ ಇಷ್ಟು ಚೆನ್ನಾಗಿ ಓದಿಸಿದೀಯಲ್ಲಮ್ಮ. ನಿನ್ನಂಥ ತಾಯಂದಿರು ಬೇಕು. ಬಾ, ಮಗಳ ಪಕ್ಕ ನಿಂತ್ಕೋ. ಹೆಗಲ ಮೇಲೆ ಕೈ ಇಡು.”

ಅವಳು ಟೀಚರ್ ಕಡೆ ನೋಡಿದಳು. ಟೀಚರ್ ಕಣ್ಣುಗಳು ಬೇಡುತ್ತಿದ್ದವು. ಒಂದೇ ಒಂದು ಮಾತು ಸಾಕಿತ್ತು, ಈಕಿ ನನ್ನ ಮಗಳಲ್ರಿ ಎಂದು. ಅದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಂದು ತಾಟು ಹಿಡಿದು ನೆಲಕ್ಕೆ ಕೂತ ಟೀಚರ್ ನೆನಪಾದರು. ಯಂಕಮ್ಮ ಹೌದೆಂದು ತಲೆಯಾಡಿಸಿದಳು. ಸೃಷ್ಟಿಯ ಹೆಗಲ ಮೇಲೆ ಕೈ ಇಟ್ಟಳು. ಆ ಎಳೆಯ ಹೆಗಲು ಹಾವು ಮುಟ್ಟಿದ ಹಾಗೆ ಸೆಟೆದುಕೊಂಡಿತು. ಯಾರೋ ಫೋಟೋ ತೆಗೆದರು.

ಜೀಪು ಹೋದ ಮೇಲೆ ನಲ್ಲಿಯ ಹತ್ತಿರ ಟೀಚರ್ ಮಗಳ ಅಂಗಿಯ ಹೆಗಲು ಉಜ್ಜುತ್ತಿದ್ದರು.

“ಮಸಾಲಿ ಕೈ ತೊಳಕೊಂಡು ಬರಬಾರದೇನು ಯಂಕಮ್ಮ? ಕಲೆ ಬಿತ್ತು ನೋಡು.”

ಅರಿಶಿಣದ ಕಲೆ ಇದ್ದದ್ದು ನಿಜ. ಆದರೆ ಕಲೆ ಹೋದ ಮೇಲೂ ಅವರು ಉಜ್ಜುತ್ತಲೇ ಇದ್ದರು. ಯಂಕಮ್ಮ ನಿಂತು ನೋಡಿದಳು.

ಸಂಜೆ ಮನೆಗೆ ಬಂದಾಗ ಸಾಬಮ್ಮ ಗೋಡೆಗೆ ಒರಗಿ ಕೂತಿದ್ದಳು. ಬಲಗೈಯ ತೋರುಬೆರಳಿಗೆ ಹಳೆಯ ಬಟ್ಟೆ ಸುತ್ತಿತ್ತು. ಬಟ್ಟೆ ಕೆಂಪಾಗಿತ್ತು.

“ಫರಸಿ ಜಾರಿತು,” ಎಂದ ದುರ್ಗಪ್ಪ, ಅವಳ ಮುಖ ನೋಡದೆ. “ಎಲುವು ಮುರಿದಿಲ್ಲ. ಉಗುರು ಹೋಗ್ತದ.”

ಯಂಕಮ್ಮ ಬಟ್ಟೆ ಬಿಚ್ಚಿದಳು. ಉಗುರು ಕಪ್ಪಗೆ ಸತ್ತಿತ್ತು. ಬಿಸಿನೀರಿನಲ್ಲಿ ತೊಳೆದಳು. ಸಾಬಮ್ಮ ತುಟಿ ಕಚ್ಚಿ ಹಿಡಿದಳೇ ಹೊರತು ಒದರಲಿಲ್ಲ.

“ಶನಿವಾರಕ್ಕ ಆರಾಮ ಆಗ್ತದೇನವ್ವಾ? ಬರೀಲಿಕ್ಕ ಹಚ್ಚಿದ್ರ ಹ್ಯಾಂಗ?”

ಯಂಕಮ್ಮ ಬೇರೆ ಬಟ್ಟೆ ಹರಿದು ಬೆರಳಿಗೆ ಸುತ್ತಿದಳು. ನೋವು ಮಗಳ ಕೈಯಲ್ಲಿತ್ತು. ಹೆಸರು ಇನ್ನೊಬ್ಬಳ ಬಾಯಲ್ಲಿತ್ತು. ನಡುವೆ ತಲೆಯಾಡಿಸಿದವಳು ತಾನು.

ಶನಿವಾರ ಓಣಿಯ ಮಕ್ಕಳು ತಲೆ ಒದ್ದೆ ಮಾಡಿ ಬಾಚಿಕೊಂಡು ಶಾಲೆಗೆ ಬಂದರು. ಹಾಗೇ ಅಂಗಳದಲ್ಲಿ ನಿಂತರು. ಯಾವ ಜೀಪೂ ಬರಲಿಲ್ಲ. ಯಾರೂ ಹೆಸರು ಕೂಗಲಿಲ್ಲ.

“ಟೀಚರ್, ನಮ್ಮ ಪರೀಕ್ಷಾ?” ಸಾಬಮ್ಮ ಕೇಳಿದಳು.

“ಮುಗೀತು. ಹೋಗು, ಕಸ ಹೊಡಿ.”

ಸಾಬಮ್ಮ ಸುತ್ತಿದ ಬೆರಳನ್ನು ಮೇಲೆತ್ತಿಕೊಂಡೇ ಕಸಬರಿಗೆ ಹಿಡಿದಳು. ಅಡುಗೆ ಕೋಣೆಯ ಬಾಗಿಲಿನಿಂದ ಅದನ್ನು ನೋಡಿದ ಯಂಕಮ್ಮ ಸೌಟು ಕೆಳಗಿಟ್ಟು ನೇರ ವರಾಂಡಕ್ಕೆ ಹೋದಳು.

“ಟೀಚರ್, ನನ್ನ ಮಗಳ ಹೆಸರು ನಿಮ್ಮ ಮಗಳಿಗಿ ಯಾಕ ಕೊಟ್ರಿ?”

ಉಮಾದೇವಿ ಸುತ್ತಮುತ್ತ ನೋಡಿದರು. “ಸಾವಕಾಶ ಮಾತಾಡು. ನಾ ಏನ್ ಮಾಡ್ಲಿ? ಹೆಡ್ ಸರ್ ಹೇಳಿದ್ರು. ನಿಮ್ಮ ಓಣಿ ಮಕ್ಕಳು ಕುಂತಿದ್ರ ಸಾಲಿ ಕೆಳಗ ಬೀಳ್ತಿತ್ತು. ಅವಕ್ಕ ಕನ್ನಡ ನೆಟ್ಟಗ ಬರಲ್ಲ.”

“ಕಲಿಸಬೇಕಾದೋರು ಯಾರ್ರಿ?”

“ನಿಮ್ಮ ಮನ್ಯಾಗ ಒಂದು ಅಕ್ಷರ ಇಲ್ಲ, ನಾವೊಬ್ರೇ ಎಷ್ಟಂತ ಬಡಕೊಳ್ಳಬೇಕು?”

“ಛಲೋ ಓದ್ತಾಳ ಅಂದ್ರಿ ಟೀಚರ್. ನೀವೇ ಅಂದ್ರಿ.”

“ನಿನಗ ಖುಷಿ ಆಗ್ಲಿ ಅಂತ ಅಂದೆ.”

“ಆಕಿ ಓದೋದು ಒಂದು ದಿನಾರ ಕೇಳೀರೇನು? ಹಿಂದಿನ ಬೆಂಚಿಗಿ ಕೂಡಿಸ್ತೀರಿ. ಕಸ ಹೊಡಸ್ತೀರಿ. ನೀರು ತರಸ್ತೀರಿ. ಪರೀಕ್ಷಾ ಬಂದ್ರ ಮನಿಗಿ ಅಟ್ಟತೀರಿ. ಅದೂ ನನ್ನ ಬಾಯಿಲೇ ಅಟ್ಟಸಿದ್ರಿ.”

ಟೀಚರ್ ಮುಖ ಗಟ್ಟಿಯಾಯಿತು. ದನಿ ತಗ್ಗಿತು.

“ಅಂದು ನಾ ನಿನ್ನ ಕೈಯಾಗಿನ ಅನ್ನ ಉಣದಿದ್ರ ಇವತ್ತ ನೀ ಆ ಒಲಿ ಮುಂದ ಇರ್ತಿದ್ದಿಲ್ಲ. ಜರಾ ನೆನಪಿಟ್ಕೋ ಯಂಕಮ್ಮ.”

ಯಂಕಮ್ಮನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಆ ಒಂದು ಊಟವನ್ನು ಅವಳು ಇಷ್ಟು ವರ್ಷ ಎದೆಯೊಳಗೆ ದೀಪದ ಹಾಗೆ ಕಾದುಕೊಂಡು ಬಂದಿದ್ದಳು. ಟೀಚರ್ ಅದನ್ನು ಹಗ್ಗದ ಹಾಗೆ ಇಟ್ಟುಕೊಂಡಿದ್ದರು. ಬೇಕಾದಾಗ ಜಗ್ಗಲು.

ಯಂಕಮ್ಮ ತಿರುಗಿ ನಡೆದಳು. ಒಳಗೆ ಬಂದು ಡಬರಿ ತಿಕ್ಕಿದಳು. ತಳ ಹಿಡಿದ ಬೇಳೆಯನ್ನು ತೆಂಗಿನ ನಾರಿನಿಂದ ಕೆರೆದಳು. ತೋಳು ಸೋಲುವವರೆಗೆ ಕೆರೆದಳು.

ಭಾನುವಾರ ಆ ಫೋಟೋ ಖಾಜಾಮಿಯಾನ ಮೊಬೈಲಿಗೆ ಬಂತು. ಓಣಿಯ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಗ್ಗಿ ನೋಡಿದರು. ಶಹರಬಾನು ಮೊಬೈಲು ಹಿಡಿದುಕೊಂಡೇ ಯಂಕಮ್ಮನ ಮನೆಗೆ ಬಂದಳು.

“ನಮಗ ಶನಿವಾರ ಅಂದಿ. ನೀ ನೋಡಿದ್ರ ಹೊಸ ಮಗಳನ್ನ ಹಡದು ಫೋಟೋ ತಗಿಸ್ಕೊಂಡಿ! ಮುಬಾರಕ್ ಆಗ್ಲಿ ತಗೋ.”

“ಶಹರಬಾನೂ, ನನಗೂ ಗೊತ್ತಿರಲಿಲ್ಲ...”

“ಗೊತ್ತಾದ ಮ್ಯಾಲರ ಹೇಳಬೇಕಿತ್ತು. ನನ್ನ ಮಗ ಪರೀಕ್ಷಾ ಅಂತ ಬೆಳಿಗ್ಗಿ ಎದ್ದು ಝಳಕಾ ಮಾಡಿದ್ದ.”



ಆಗ ಸಾಬಮ್ಮ ಬಂದು ಮೊಬೈಲು ಇಸಿದುಕೊಂಡಳು. ಫೋಟೋದ ಕೆಳಗೆ ಬರೆದಿತ್ತು. ಅವಳು ಬಟ್ಟೆ ಸುತ್ತಿದ ಬೆರಳನ್ನು ಅಕ್ಷರಗಳ ಕೆಳಗೆ ಇಟ್ಟಳು. ಗಾಜು ತಾಗಿದಾಗ ನೋವಿಗೆ ಮುಖ ಕಿವುಚಿದಳು. ಆದರೂ ತೆಗೆಯಲಿಲ್ಲ. ಒಂದೊಂದೇ ಪದ ಇಳಿಸಿದಳು.

“ಕಲ್ಲು... ಒಡೆಯುವವರ... ಮಗಳು... ಸಾಬಮ್ಮ... ಓದಿನಲ್ಲಿ... ಎಲ್ಲರಿಗಿಂತ... ಮುಂದು. ತಾಯಿಯೊಂದಿಗೆ... ಸಾಬಮ್ಮ.”

ಒಂದೂ ತಪ್ಪಲಿಲ್ಲ. ಶಹರಬಾನು ಬೇರೆ ಕಡೆ ನೋಡಿದಳು.

ಸಾಬಮ್ಮ ತಲೆ ಎತ್ತಿದಳು. ಅಳುತ್ತಿರಲಿಲ್ಲ. “ಅವ್ವಾ, ಈಕಿ ಹೆಗಲ ಮ್ಯಾಲ ನೀ ಕೈ ಇಟ್ಟೀದಿ.”

ಅಷ್ಟೇ ಅಂದಳು. ಮೊಬೈಲು ಕೊಟ್ಟು ಒಳಗೆ ಹೋದಳು. ಅಂದು ಹೊಸ್ತಿಲ ಮೇಲೆ ಕೂತು ಓದಲಿಲ್ಲ. ಮರುದಿನವೂ ಓದಲಿಲ್ಲ. ಪುಸ್ತಕದ ಚೀಲ ಗೂಟಕ್ಕೆ ನೇತಾಡುತ್ತಿತ್ತು.

ವಾರ ಕಳೆಯುವುದರೊಳಗೆ ಶಾಲೆಗೆ ಸುಣ್ಣ ಬಿತ್ತು. ಸುತ್ತಲಿನ ಶಾಲೆಗಳಿಗೆಲ್ಲ ಇದೇ ಮೊದಲು ಎಂದು ಸುದ್ದಿ ಬಂದಿತ್ತು. ಅದೇ ಸಾಹೇಬರು ಮತ್ತೆ ಬರುವವರಿದ್ದರು. ಸಭೆ, ಶಾಲು, ಹಾರ. ಸಾಬಮ್ಮನನ್ನೂ ಅವಳ ತಾಯಿಯನ್ನೂ ಸ್ಟೇಜಿನ ಮೇಲೆ ಕರೆದು ಸನ್ಮಾನ ಮಾಡಬೇಕೆಂದು ಅವರೇ ಹೇಳಿ ಕಳಿಸಿದ್ದರಂತೆ.

ಹಿಂದಿನ ದಿನ ಮಧ್ಯಾಹ್ನ ಹೆಡ್ ಮೇಷ್ಟ್ರು ಯಂಕಮ್ಮನನ್ನು ಆಫೀಸಿಗೆ ಕರೆಸಿದರು. ಪಕ್ಕದಲ್ಲಿ ಉಮಾದೇವಿ ಟೀಚರ್ ಇದ್ದರು.

“ನಾಳಿ ನಿಮ್ಮ ಓಣಿ ಮಕ್ಕಳಿಗಿ ಸೂಟಿ ಅಂತ ಹೇಳಿಬಿಡು. ನೀ ಮಾತ್ರ ಲಗೂ ಬಾ. ಅಡಗಿ ಗುಂಡಮ್ಮ ನೋಡ್ಕೋತಾಳ. ಸ್ಟೇಜಿನ ಮ್ಯಾಲ ಏನೂ ಮಾತಾಡೋದು ಬ್ಯಾಡ. ಕೈ ಮುಗಿ, ಸಾಕು.”

ಟೀಚರ್ ಒಂದು ಚೀಲ ಮುಂದಿಟ್ಟರು. “ನನ್ನ ಸೀರಿ. ಒಂದೇ ಸಲ ಉಟ್ಟೀನಿ. ಇದನ್ನ ಉಟ್ಕೊಂಡು ಬಾ. ವಾಪಸ್ ಕೊಡೋದೂ ಬ್ಯಾಡ, ನೀನೇ ಇಟ್ಕೋ.” ಆಮೇಲೆ ದನಿ ಮೆತ್ತಗೆ ಮಾಡಿ, “ಕೈ ತೊಳಕೊಂಡು ಬಾ,” ಎಂದರು.

“ಹೇಳಿ ಬರ್ತಿ ಇಲ್ಲ ಓಣಿಯಾಗ?” ಹೆಡ್ ಮೇಷ್ಟ್ರು ಮತ್ತೆ ಕೇಳಿದರು.

“ಹೋಗ್ತೀನ್ರಿ,” ಎಂದಳು ಯಂಕಮ್ಮ.

ಹೋದಳು. ಖಣಿಯಿಂದ ಬಂದ ಹೆಂಗಸರು ಬಾಗಿಲುಗಳಲ್ಲಿ ಕೂತು ಕಾಲಿನ ಬಿಳಿ ಧೂಳು ತೊಳೆಯುತ್ತಿದ್ದರು. ಅವಳನ್ನು ಕಂಡು ಒಬ್ಬರೂ ಮಾತಾಡಿಸಲಿಲ್ಲ. ಒಬ್ಬಳು ಅವಳ ಕಾಲ ಹತ್ತಿರವೇ ಚೆಂಬಿನ ನೀರು ಚೆಲ್ಲಿದಳು. ಯಂಕಮ್ಮ ಯಾವ ಮನೆಯ ಮುಂದೂ ನಿಲ್ಲಲಿಲ್ಲ. ಓಣಿಯ ತುದಿಯವರೆಗೂ ನಡೆದು ಶಹರಬಾನುವಿನ ಬಾಗಿಲಿಗೆ ಬಂದಳು.

“ಬಾರವ್ವ ಫೋಟೋದಾಕಿ. ಇವತ್ತ ಯಾವ ಪಾಳಿ ಸುದ್ದಿ ತಂದಿ?”

“ಯಾವ ಸುದ್ದೀನೂ ಇಲ್ಲ.”

“ಮತ್ತ್ಯಾಕ ಬಂದಿ?”

“ಜರಾ ಕೊಬ್ರಿ ಎಣ್ಣಿ ಇದ್ರ ಕೊಡು. ಪೋರಿ ತಲಿ ಹೆಣೀಬೇಕು.”

ಶಹರಬಾನು ಅವಳನ್ನೇ ನೋಡಿದಳು. “ನಾಳಿ ಸಾಲ್ಯಾಗ ಹಾರ, ಗೀರ ಅಂತ ಕೇಳಿದೆ. ನಮ್ಮ ಮಕ್ಕಳಿಗಿ ಬರಬ್ಯಾಡ ಅಂತ ಅಂದಾರೇನು?”

“ದಿನಾ ಇದ್ದಂಗ ಸಾಲಿ ಅದ.”

ಶಹರಬಾನು ಒಳಗೆ ಹೋಗಿ ಎಣ್ಣೆಯ ಶೀಶೆಯನ್ನೇ ತಂದು ಕೈಯಲ್ಲಿಟ್ಟಳು.

ಮನೆಯಲ್ಲಿ ಯಂಕಮ್ಮ ಸಾಬಮ್ಮನನ್ನು ಮುಂದೆ ಕೂಡಿಸಿಕೊಂಡಳು. ಕಲ್ಲಿನ ಧೂಳು ಕೂತು ಗಂಟುಗಟ್ಟಿದ ಕೂದಲಿಗೆ ಎಣ್ಣೆ ಹಾಕಿ, ನೋಯದ ಹಾಗೆ ಬುಡ ಹಿಡಿದು ಬಾಚಿದಳು. ಟೀಚರ್ ಸೀರೆ ಚೀಲದಲ್ಲೇ ಇತ್ತು. ಅವಳು ತನ್ನ ದಿನದ ಸೀರೆಯನ್ನೇ ಒಗೆದು ಹೊರಗೆ ಹರವಿ ಬಂದಿದ್ದಳು.

ದುರ್ಗಪ್ಪ ಬೀಡಿ ಆರಿಸಿ ಕೇಳಿದ: “ನಾಳಿ ಈಕಿನ್ನ ಕರ್ಕೊಂಡು ಹೋಗ್ಲೇನು ಖಣಿಗಿ?”

“ಬ್ಯಾಡ.”

“ಯಾಕ? ನಾಳಿ ಏನದ?”

ಯಂಕಮ್ಮ ಕೂದಲನ್ನು ಮೂರು ಎಳೆ ಮಾಡಿ ಹೆಣೆಯತೊಡಗಿದಳು. ನಾಳೆ ಮೈಕಿನಲ್ಲಿ ಸಾಬಮ್ಮ ಎಂದು ಕೂಗಿದಾಗ ಸ್ಟೇಜಿನ ಮೆಟ್ಟಿಲು ಹತ್ತುವವರು ಯಾರು, ತನ್ನ ಕೈ ಯಾರ ಹೆಗಲ ಮೇಲಿರುತ್ತದೆ ಎಂಬುದು ಅವಳೊಳಗೆ ಗಟ್ಟಿಯಾಗಿ ಕೂತುಬಿಟ್ಟಿತ್ತು. ಒಲೆಯ ಮುಂದಿನ ಕೆಲಸ ಹೋಗುತ್ತದೆ. ಹೋಗಲಿ. ಕಲ್ಲು ಹೊರುವುದು ಮರೆತಿರಲಿಲ್ಲ.

ಗಂಡನಿಗೆ ಹೇಳಲಿಲ್ಲ. ಮಗಳಿಗೂ ಹೇಳಲಿಲ್ಲ. ಒಂದು ಜಡೆ ಮುಗಿಸಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ರಿಬ್ಬನ್ನಿಗೆ ಕೈ ಚಾಚಿದಳು.